ಎರಡನೆಯ ಹೆಸರು

ನಮ್ಮೂರಲ್ಲಿ ಹೆಸರು ಹೇಳುವ ಕೆಲಸ ನನ್ನದು. ವಾರದ ದಿನಗಳಲ್ಲಿ ಸತ್ತವರ ಹೆಸರು, ಶನಿವಾರ ಆಡುವವರ ಹೆಸರು. ಪಾವೆಲ್ಕಾ ಶವಸಂಸ್ಕಾರ ಗೃಹ ಅಪ್ಪನಿಂದ ನನಗೆ ಬಂತು. ಓರ್ಲಿನ್ ಕಾಲೇಜಿನ ಫುಟ್‌ಬಾಲ್ ಮೈದಾನದ ಮೈಕು ನನ್ನ ಗಂಟಲಿನ ದೆಸೆಯಿಂದ ಬಂತು. ಎರಡೂ ಕಡೆ ನಿಯಮ ಒಂದೇ. ಹೆಸರು ತಪ್ಪಬಾರದು, ಸ್ವಂತದ ಮಾತು ಸೇರಿಸಬಾರದು, ಗಂಟಲು ಕಟ್ಟಬಾರದು.

ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ದಿಂಬು ಕಟ್ಟಿಕೊಂಡು, ಎರಡು ತುದಿ ಚೂಪಾದ ಒಂದು ಚೆಂಡಿಗೋಸ್ಕರ ದೊಡ್ಡ ದೊಡ್ಡ ಹುಡುಗರು ಒಬ್ಬರನ್ನೊಬ್ಬರು ಗುದ್ದಿ ಬೀಳಿಸುವ ಆಟ ಇದು ಎಂದು ನನ್ನ ಹೆಂಡತಿ ಇದ್ದಾಗ ಹೇಳುತ್ತಿದ್ದಳು. ತಪ್ಪೇನೂ ಹೇಳಲಿಲ್ಲ. ಒಬ್ಬ ಚೆಂಡು ಹಿಡಿದು ಓಡುತ್ತಾನೆ, ಇನ್ನೊಬ್ಬ ಬಂದು ಅವನನ್ನು ಕೆಡವುತ್ತಾನೆ, ಸೀಟಿ ಕೂಗುತ್ತದೆ, ನಾನು ಮೈಕಿನಲ್ಲಿ ಎರಡು ಹೆಸರು ಹೇಳುತ್ತೇನೆ. ಚೆಂಡು ಒಯ್ದವನು ಇಂಥವನು. ಕೆಡವಿದವನು ಇಂಥವನು. ಮೂವತ್ತು ವರ್ಷದಿಂದ ಇಷ್ಟೇ ಹೇಳಿದ್ದೇನೆ. ಓಡಿದವನ ಮನೆಯವರು ಮೊದಲನೆಯ ಹೆಸರಿಗೆ ಚಪ್ಪಾಳೆ ತಟ್ಟುತ್ತಾರೆ, ಕೆಡವಿದವನ ಮನೆಯವರು ಎರಡನೆಯದಕ್ಕೆ.

ಪಕ್ಕದಲ್ಲಿ ಅರ್ಲೀನ್ ಕೂರುತ್ತಾಳೆ. ಕಾಲೇಜಿನ ಲೈಬ್ರರಿಯಲ್ಲಿ ನಿವೃತ್ತಳಾದವಳು. ದುರ್ಬೀನು ಅವಳದು. ಅಂಗಿಯ ನಂಬರು ನೋಡಿ ಅವಳು ಪಿಸುಗುಟ್ಟುತ್ತಾಳೆ, ನಂಬರಿಗೆ ಹೆಸರು ಹಚ್ಚಿ ನಾನು ಕೂಗುತ್ತೇನೆ. ನಾವಿಬ್ಬರೂ ಕೂರುವ ಹಲಗೆಗೂಡು ಪ್ರೇಕ್ಷಕರ ಮೆಟ್ಟಿಲುಗಳ ನೆತ್ತಿಯ ಮೇಲಿದೆ. ನವೆಂಬರಿನಲ್ಲಿ ನೆಬ್ರಾಸ್ಕಾದ ಗಾಳಿ ಅದರ ಸಂದುಗಳಲ್ಲಿ ನುಗ್ಗಿ ನನ್ನ ಮಂಡಿಯನ್ನೇ ಹುಡುಕಿಕೊಂಡು ಬರುತ್ತದೆ.

ಆ ವರ್ಷ ನಮ್ಮ ತಂಡ ಒಂದೂ ಗೆಲ್ಲಲಿಲ್ಲ. ಮೊದಲನೆಯದು ಸೋತಾಗ ಊರು ಕೋಚನ್ನು ಬೈಯಿತು, ಎರಡನೆಯದಕ್ಕೆ ಗಾಳಿಯನ್ನು ಬೈಯಿತು, ಆಮೇಲೆ ಬೈಯುವುದಕ್ಕೂ ಬೇಜಾರಾಗಿ ಅಲ್ಲಿ ಮಾರುವ ಚಿಲಿ, ಅಂದರೆ ಮಾಂಸ ಕಾಳಿನ ಖಾರದ ಸಾರು, ತಿನ್ನಲು ಮಾತ್ರ ಬರತೊಡಗಿತು. ಚಿಲಿಯ ಜೊತೆ ಕೊಡುವ ದಾಲ್ಚಿನ್ನಿ ಬನ್ನು ಚೆನ್ನಾಗಿರುತ್ತಿತ್ತು, ಅದೊಂದನ್ನು ಒಪ್ಪಬೇಕು. ಟೆಕ್ಸಾಸಿನಿಂದ, ಫ್ಲಾರಿಡಾದಿಂದ ಆಡಲೆಂದೇ ಬಂದಿದ್ದ ಹುಡುಗರು ಒಬ್ಬೊಬ್ಬರಾಗಿ ಪೆಟ್ಟು ತಿಂದು ಕೂತರು, ಕೆಲವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. ಅಕ್ಟೋಬರಿನಲ್ಲಿ ಕಾಲೇಜಿನ ಅಧ್ಯಕ್ಷರು ಮುಂದಿನ ವರ್ಷದಿಂದ ಫುಟ್‌ಬಾಲ್ ಇರುವುದಿಲ್ಲವೆಂದು ತೀವ್ರ ದುಃಖದಿಂದ ತಿಳಿಸಿದರು. ತೀವ್ರ ದುಃಖ ಎನ್ನುವ ಮಾತು ನನ್ನ ಅಂಗಡಿಯದು. ನನ್ನನ್ನು ಒಂದು ಮಾತು ಕೇಳದೆ ಎತ್ತಿಕೊಂಡು ಹೋಗಿದ್ದರು.

ಗ್ಯಾರೆಟ್ ಕೂಬಿಕ್ ಈ ತಂಡದ ಸೆಂಟರ್. ಸೆಂಟರ್ ಎಂದರೆ ಸಾಲಿನ ನಡುವೆ ಬಗ್ಗಿ ನಿಂತು, ಎರಡು ಕಾಲಿನ ಸಂದಿಯಿಂದ ಚೆಂಡನ್ನು ಹಿಂದೆ ನಿಂತವನಿಗೆ ಕೊಟ್ಟು, ತಲೆ ಎತ್ತುವಷ್ಟರಲ್ಲಿ ಎದುರಾಳಿಯನ್ನು ಎದೆಯ ಮೇಲೆ ಹಾಕಿಕೊಳ್ಳುವವನು. ಪ್ರತಿ ಸಲ ಚೆಂಡು ಮುಟ್ಟುವ ಮೊದಲ ಕೈ ಅವನದು. ಆದರೆ ಅವನ ಹೆಸರನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅವನು ಓಡುವುದೂ ಇಲ್ಲ, ಕೆಡವುವುದೂ ಇಲ್ಲ. ಎದುರಾಳಿಯ ಅಂಗಿ ಹಿಡಿದೆಳೆದು ಸಿಕ್ಕಿಬಿದ್ದರೆ ಮಾತ್ರ ತೀರ್ಪುಗಾರ ಬಾವುಟ ಎಸೆಯುತ್ತಾನೆ. ಆಗ ನಾನು ಹೇಳುತ್ತೇನೆ, ತಪ್ಪು ಅರವತ್ತನಾಲ್ಕು, ಗ್ಯಾರೆಟ್ ಕೂಬಿಕ್. ನಾಲ್ಕು ವರ್ಷ ಆಡಿದ ಹುಡುಗನ ಹೆಸರು ನನ್ನ ಬಾಯಲ್ಲಿ ಬಂದದ್ದೆಲ್ಲ ತಪ್ಪಿಗೇ. ಅವನ ತಾಯಿ ಶೆರಿಲ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಗಂಡ ಬಿಟ್ಟುಹೋಗಿ ಬಹಳ ಕಾಲವಾಯಿತು. ಮಗ ತಪ್ಪು ಮಾಡಿದಾಗಲೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದವಳು ಅವಳೊಬ್ಬಳೇ.

ಮೂರನೆಯ ಪಂದ್ಯದಲ್ಲಿ ಹುಡುಗರ ರಾಶಿ ಬಿಡಿಸಿಕೊಂಡು ಎದ್ದಿತು. ಒಬ್ಬ ಏಳಲಿಲ್ಲ.

"ಅರವತ್ನಾಲ್ಕು," ಎಂದಳು ಅರ್ಲೀನ್. ಆಮೇಲೆ ದುರ್ಬೀನು ಇಳಿಸಿ, "ಯೂಜೀನ್, ಕೈ ಆಡಿಸ್ತಿಲ್ಲ ಕಣೋ ಅವನು," ಎಂದಳು.

ಮೈಕಿನ ಗುಂಡಿ ಆರಿಸಿ ಕೂತೆ. ನನ್ನ ಕಸುಬಿನವನಿಗೆ ಅಂಥ ಹೊತ್ತಿನಲ್ಲಿ ಬರುವ ಯೋಚನೆಗಳು ಹೊರಗೆ ಹೇಳುವಂಥವಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಆಡಿತು, ಮೊಣಕೈ ಮಡಚಿತು, ಸ್ಟ್ರೆಚರಿನಲ್ಲಿ ಮಲಗಿಕೊಂಡೇ ಹೆಬ್ಬೆರಳು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ಒಮಾಹಾದ ಡಾಕ್ಟರು ಚಿತ್ರ ತೆಗೆದು ನೋಡಿ, ಕತ್ತಿನೊಳಗೆ ನರ ಹಾಯುವ ದಾರಿ ಹುಟ್ಟಿನಿಂದಲೇ ಇಕ್ಕಟ್ಟು, ಇನ್ನೊಂದು ಪೆಟ್ಟು ಬಿದ್ದರೆ ಗಾಲಿಕುರ್ಚಿ, ಅದೂ ಅದೃಷ್ಟ ಇದ್ದರೆ ಎಂದರು.

ಗ್ಯಾರೆಟ್ ತಂಡ ಬಿಡಲಿಲ್ಲ. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಗೆರೆಯಾಚೆ ನಿಂತ, ಪಟ್ಟಿ ಬಿಚ್ಚಿದ ಮೇಲೂ ಅಲ್ಲೇ ನಿಂತ. ಮೇಲಿನಿಂದ ನೋಡುವವನಿಗೆ ಒಂದು ಸಂಗತಿ ಕಾಣುತ್ತಿತ್ತು. ಹುಡುಗರು ಒಬ್ಬರ ಹೆಲ್ಮೆಟ್ಟಿಗೆ ಒಬ್ಬರು ಗುದ್ದಿಕೊಳ್ಳುತ್ತಾರೆ, ಬೆನ್ನಿಗೆ ಬಾರಿಸುತ್ತಾರೆ, ಎದೆಗೆ ಎದೆ ಹಾಯುತ್ತಾರೆ. ಅದು ಅವರ ಮಾತುಕತೆ. ಗ್ಯಾರೆಟ್ ಹತ್ತಿರ ಬಂದಾಗ ಮಾತ್ರ ಎಲ್ಲರ ಕೈಯೂ ತಣ್ಣಗಾಗುತ್ತಿತ್ತು. ಅವನ ಸುತ್ತ ಒಂದು ಮೊಳ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು.

ಕೊನೆಯ ಪಂದ್ಯದ ವಾರ ಕೋಚ್ ಶ್ರೇಡರ್ ನನ್ನ ಅಂಗಡಿಗೆ ಬಂದ. ಶವಪೆಟ್ಟಿಗೆಗಳ ಕೋಣೆಯಲ್ಲಿ ಟೋಪಿ ತೆಗೆದು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ.

"ನಮ್ಮ ಟೀಮನ್ನ ಒಳಗೆ ಮಲಗಿಸೋಕೆ ಅಳತೆ ಕೊಡೋಕೆ ಬಂದ್ಯಾ?" ಎಂದೆ.

"ತಮಾಷೆ ಬಿಡಿ ಪಾವೆಲ್ಕಾ. ಶನಿವಾರ ಗ್ಯಾರೆಟ್‌ಗೆ ಒಂದು ಆಟ ಕೊಡೋಣ ಅಂತಿದೀನಿ. ಮೊದಲ್ನೇ ಆಟ. ಎದುರು ಆಡೋ ಮರ್ಡಾಕ್ ಟೀಮಿನ ಕೋಚ್ ಜೊತೆ ಮಾತಾಡಿದೀನಿ, ಒಳ್ಳೆ ಮನುಷ್ಯ, ಆಗ್ಲಿ ಅಂದ."

ಈ ಪದ್ಧತಿ ನಮ್ಮಲ್ಲಿ ಇರುವುದೇ. ಕೊನೆಯ ವರ್ಷದ ಹುಡುಗ ಪೆಟ್ಟು ತಿಂದು ಕೂತಿದ್ದರೆ ಎರಡೂ ಕಡೆಯ ಕೋಚುಗಳು ಮಾತಾಡಿಕೊಂಡು ಅವನಿಗೆ ಒಂದೇ ಒಂದು ಆಟ, ಅಂದರೆ ಚೆಂಡು ಎತ್ತಿದಾಗಿನಿಂದ ಸೀಟಿಯ ತನಕದ್ದು, ಬಿಟ್ಟುಕೊಡುತ್ತಾರೆ. ಚೆಂಡು ಅವನ ಕೈಗೆ ಬರುತ್ತದೆ, ಅವನು ಮಂಡಿ ಊರುತ್ತಾನೆ, ಮಂಡಿ ನೆಲಕ್ಕೆ ತಾಗಿದರೆ ಆ ಆಟ ಮುಗಿದ ಹಾಗೆ, ಉಳಿದವರೆಲ್ಲ ಕಂಬದ ಹಾಗೆ ನಿಂತಿರುತ್ತಾರೆ. ಸೀಟಿ, ಚಪ್ಪಾಳೆ, ಅಪ್ಪುಗೆ. ಬದಲಿಗೆ ಎದುರಾಳಿಗೂ ಒಂದು ಆಟ ಬಿಟ್ಟುಕೊಟ್ಟು ಲೆಕ್ಕ ಸಮ ಮಾಡುತ್ತಾರೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮೊದಲಿನಿಂದಲೂ ಅದು ಹಿಡಿಸುವುದಿಲ್ಲ. ಕನಿಕರ ಹಂಚುವುದು ನನ್ನ ಕಸುಬು. ಯಾವ ಹೊತ್ತಿನಲ್ಲಿ ಎಷ್ಟು ಕೊಟ್ಟರೆ ಮನುಷ್ಯ ಸುಧಾರಿಸಿಕೊಳ್ಳುತ್ತಾನೆ, ಎಷ್ಟು ಕೊಟ್ಟರೆ ಕುಗ್ಗುತ್ತಾನೆ ಎಂದು ನನಗೆ ಗೊತ್ತಿದೆ.

"ಶೆರಿಲ್ ಏನಂದ್ಲು?"

"ಮೊದ್ಲು ಬಾಗಿಲು ಹಾಕಿದ್ಲು ಮುಖಕ್ಕೆ. ಆಮೇಲೆ ತೆಗೆದು, ಚೆಂಡು ಕೈಗೆ ಬಂದ ತಕ್ಷಣ ಮಂಡಿ ಊರ್ಬೇಕು, ಊರ್ತೀನಿ ಅಂತ ನನ್ನೆದುರಿಗೆ ಮಾತು ಕೊಡ್ಲಿ ಅಂದ್ಲು. ಹುಡುಗ ಕೊಟ್ಟ. ಕಾಲೇಜ್ ಡಾಕ್ಟ್ರು ಮುಖ ಸಿಂಡರಿಸ್ಕೊಂಡೇ ಒಪ್ಪಿದ್ರು. ಒಂದು ಬೆರಳೂ ತಾಗಲ್ಲ ಅಂತ ಎರಡು ಟೀಮಿಗೂ ಹೇಳಿದೀವಿ." ಶ್ರೇಡರ್ ಟೋಪಿಯ ಅಂಚು ತಿರುಗಿಸುತ್ತ ಹೇಳಿದ, "ನೀವು ಅವನ ಹೆಸರು ಹೇಳ್ಬೇಕು. ಚೆಂಡು ಒಯ್ದವನು ಅಂತ. ಅದಕ್ಕೋಸ್ಕರನೇ ಇದೆಲ್ಲಾ ಮಾಡ್ತಿರೋದು."

ಅವನು ಕೆಟ್ಟವನಲ್ಲ. ಬರುವ ತಿಂಗಳಿಂದ ಅವನಿಗೂ ಕೆಲಸವಿರಲಿಲ್ಲ. ಆಗಲಿ ಎಂದೆ.

ಮಾರನೆಯ ದಿನ ಸಂಜೆ ಗ್ಯಾರೆಟ್ ಬಂದ. ಬಾಗಿಲು ತೆಗೆದವನು ನಾನು. ಅವನು ಒಳಗೆ ಬರುವ ತನಕ ಹಿಡಿದು ನಿಂತೆ. ಆ ಕೈಯನ್ನೇ ನೋಡಿದ.

"ನೀವೂ ಶುರು ಮಾಡಿದ್ರಾ ಸರ್? ಇಡೀ ಊರು ನಂಗೆ ಬಾಗಿಲು ಹಿಡೀತಿದೆ. ಮೊನ್ನೆ ಚರ್ಚಲ್ಲಿ ತೊಂಬತ್ತು ವರ್ಷದ ಮುದುಕಿ ನಂಗೆ ಜಾಗ ಬಿಟ್ಕೊಟ್ಲು."

"ನನ್ನ ಅಂಗಡಿ ಬಾಗ್ಲು ಎಲ್ರಿಗೂ ಹಿಡೀತೀನಿ ಕಣೋ. ಕೆಲವ್ರಿಗೆ ಎರಡೂ ಬಾಗ್ಲು ತೆಗೀತೀನಿ," ಎಂದೆ. ನಕ್ಕ. ದೊಡ್ಡ ಆಳು, ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣುವುದಿಲ್ಲ. ನಗುವಾಗ ಮಾತ್ರ ಸ್ಕೂಲಿಗೆ ಹೋಗುತ್ತಿದ್ದವನ ಮುಖ.

"ಶನಿವಾರ ನನ್ನ ಹೆಸರು ಹೇಳುವಾಗ ಏನೂ ಸೇರಿಸ್ಬೇಡಿ ಸರ್. ಧೀರ, ಗಾಯಗೊಂಡ, ಕೊನೇ ಸಲ, ಅವೆಲ್ಲಾ ಬೇಡ. ಬೇರೆಯವ್ರಿಗೆ ಹೇಗೆ ಹೇಳ್ತೀರೋ ಹಾಗೇ."

"ನಾನು ಯಾವತ್ತು ಸೇರಿಸಿದೀನಿ?"

"ಅದಕ್ಕೇ ನಿಮ್ಮನ್ನ ಕೇಳೋಕೆ ಬಂದೆ. ಚೆಂಡು ಒಯ್ದವನು ಗ್ಯಾರೆಟ್ ಕೂಬಿಕ್ ಅಂತೀರಿ. ಆಮೇಲೆ? ಎರಡನೇದು ಯಾರ ಹೆಸ್ರು?"

"ಎರಡನೇದು ಇರಲ್ಲ. ಮಂಡಿ ಊರಿದ್ರೆ ಕೆಡವಿದವ್ರು ಯಾರು ಇರ್ತಾರೆ?"

ಅವನು ಮೇಜಿನ ಮೇಲಿದ್ದ ಟಿಷ್ಯೂ ಡಬ್ಬಿಯನ್ನು ನೋಡುತ್ತ ಕೂತ. ಅಳುವವರಿಗೆಂದು ಇಟ್ಟ ಡಬ್ಬಿ ಅದು.

"ನಾಲ್ಕು ವರ್ಷ ಇನ್ನೊಬ್ಬ ಓಡ್ಲಿ ಅಂತ ನಾನು ಗುದ್ದಿಸ್ಕೊಂಡೆ," ಎಂದ. "ಬೇಜಾರಿಲ್ಲ, ನಂಗಿಷ್ಟ ಅದು. ಒಬ್ಬ ಬಂದು ಎದೆಗೆ ಬೀಳ್ತಾನಲ್ಲ, ಆಗ ನಾನಿದೀನಿ ಅನ್ಸುತ್ತೆ. ಈಗ ಡೆವಾಂಟೆ ಕೂಡ ನನ್ನ ಮುಟ್ಟಲ್ಲ. ರೂಮಲ್ಲಿ ಒಟ್ಟಿಗೇ ಇರೋನು. ಮುಂಚೆ ಬೆಳಗ್ಗೆ ಎದ್ರೆ ಮೊದ್ಲು ಒಂದು ಒದೀತಿದ್ದ."

"ಮಾತು ಕೊಟ್ಟಿದೀಯ ನೀನು. ಅಮ್ಮನಿಗೆ."

"ಹೌದು ಸರ್."

"ನಂಗೆ ಬರೋ ಗಿರಾಕಿಗಳಲ್ಲಿ ನಿನ್ನ ವಯಸ್ಸಿನವ್ರು ಬಂದ್ರೆ ನಾನು ವಾರಗಟ್ಟಲೆ ಊಟ ಮಾಡಲ್ಲ, ಗೊತ್ತಾ? ನೀನು ಮಂಡಿ ಊರು. ಹೆಸ್ರು ನಾನು ಹೇಳ್ತೀನಿ."

"ಹೌದು ಸರ್," ಎಂದ ಮತ್ತೆ. ಹೋಗುವಾಗ ಬಾಗಿಲಿಗೆ ನನಗಿಂತ ಮೊದಲು ಕೈ ಹಾಕಿ ತಾನೇ ತೆಗೆದುಕೊಂಡ.

ಶನಿವಾರ ಆಕಾಶ ಸತುವಿನ ತಗಡಿನ ಹಾಗಿತ್ತು. ಕೊನೆಯ ಪಂದ್ಯವೆಂದು ಜನ ಬಂದಿದ್ದರು. ಆಸ್ಪತ್ರೆಗೆ ಒಮ್ಮೆಯೂ ಬಾರದ ನೆಂಟರು ಮಣ್ಣಿಗೆ ಬಂದ ಹಾಗೆ ಬಂದಿದ್ದರು. ಅಧ್ಯಕ್ಷರೂ ಬಂದಿದ್ದರು, ತೀವ್ರ ದುಃಖದ ಕೋಟು ಹಾಕಿಕೊಂಡು. ಆಟಕ್ಕೆ ಮುಂಚೆ ಕೊನೆಯ ವರ್ಷದ ಹುಡುಗರು ಅಪ್ಪ ಅಮ್ಮಂದಿರ ಕೈ ಹಿಡಿದು ಮೈದಾನದ ನಡುವಿಗೆ ನಡೆಯುವುದು ವಾಡಿಕೆ. ಒಬ್ಬೊಬ್ಬರನ್ನೇ ಕರೆದೆ. ಡೆವಾಂಟೆಯ ಮನೆಯವರು ಫ್ಲಾರಿಡಾದಿಂದ ಬರಲಾಗಿರಲಿಲ್ಲ. ಗ್ಯಾರೆಟ್ ಹೆಸರು ಕರೆದಾಗ ಶೆರಿಲ್ ಒಂದು ಕೈಯಲ್ಲಿ ಮಗನನ್ನೂ ಇನ್ನೊಂದು ಕೈಯಲ್ಲಿ ಡೆವಾಂಟೆಯನ್ನೂ ಹಿಡಿದುಕೊಂಡು ಬಂದಳು. ನೀಲಿ ಸೇವಂತಿ ಎಲ್ಲಿ ಸಿಕ್ಕಿತೋ, ಬಣ್ಣ ಅದ್ದಿದ್ದೇ ಇರಬೇಕು, ಅವಳ ಕೋಟಿನ ಮೇಲೆ ಒಂದು ಹೂವಿತ್ತು.

"ನೋಡು, ಮುಖ ಹೇಗಿಟ್ಕೊಂಡಿದಾಳೆ," ಎಂದಳು ಅರ್ಲೀನ್. "ಹಲ್ಲು ಕೀಳ್ಸೋಕೆ ಕೂತೋರ ಹಾಗೆ."

"ಒಂದು ಆಟ ಮುಗೀಲಿ, ಸರಿಹೋಗ್ತಾಳೆ."

"ನೀನು ನಿನ್ನ ಮುಖ ನೋಡ್ಕೊಂಡಿದೀಯಾ?"

ಮರ್ಡಾಕಿನವರು ಚೆಂಡು ಒದ್ದರು, ಅದು ನಮ್ಮ ಇಪ್ಪತ್ತೈದು ಗಜದ ಗೆರೆಯಲ್ಲಿ ಕೂತಿತು. ಅರವತ್ತನಾಲ್ಕು ಮೈದಾನಕ್ಕೆ ಇಳಿದ. ಸಾಲಿನ ನಡುವೆ ಅವನ ಜಾಗದಲ್ಲಿ ಬೇರೊಬ್ಬ ಬಗ್ಗಿದ್ದ. ಗ್ಯಾರೆಟ್ ಹಿಂದೆ, ಓಡುವವರು ನಿಲ್ಲುವ ಕಡೆ, ಚೆಂಡು ಹಂಚುವ ಡೆವಾಂಟೆಯ ಪಕ್ಕದಲ್ಲಿ ನಿಂತ. ಎದುರಿಗೆ ಮರ್ಡಾಕಿನ ಹನ್ನೊಂದು ಜನ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಯಾರೂ ಬಗ್ಗಿರಲಿಲ್ಲ. ಇಡೀ ಮೈದಾನ ಎದ್ದು ನಿಂತಿತ್ತು, ಶೆರಿಲ್ ಒಬ್ಬಳೇ ಕೂತಿದ್ದಳು.

ಚೆಂಡು ಹಿಂದಕ್ಕೆ ಬಂತು. ಡೆವಾಂಟೆ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಎರಡೂ ಕೈಯಿಂದ ಗ್ಯಾರೆಟ್‌ಗೆ ಕೊಟ್ಟ. ತೀರ್ಪುಗಾರ ಸೀಟಿ ಬಾಯಲ್ಲಿಟ್ಟುಕೊಂಡ.

ಗ್ಯಾರೆಟ್ ಬಲಮಂಡಿಯನ್ನು ಸ್ವಲ್ಪ ಬಗ್ಗಿಸಿದ. ಹುಲ್ಲಿಗೆ ಇನ್ನೊಂದು ಗೇಣಿತ್ತು. ಆಮೇಲೆ ಎದ್ದ, ಚೆಂಡನ್ನು ಎದೆಗವಚಿಕೊಂಡು ಓಡತೊಡಗಿದ.

"ಯೂಜೀನ್," ಎಂದಳು ಅರ್ಲೀನ್. "ಯೂಜೀನ್!"

ಮರ್ಡಾಕಿನ ಹುಡುಗರಿಗೆ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ಒಬ್ಬ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ನುಗ್ಗಿದ. ಆ ಹೊತ್ತಿಗೆ ಅವರ ಕೋಚು ಗೆರೆ ದಾಟಿ ಒಳಗೆ ಬಂದು ಕೂಗುತ್ತಿದ್ದ. ನಮ್ಮ ಗೂಡಿನ ತನಕ ಕೇಳಿಸಿತು. "ಮುಟ್ಬೇಡ್ರೋ! ಯಾರೂ ಮುಟ್ಬೇಡ್ರೋ ಅವನನ್ನ!" ನುಗ್ಗಿದವನು ಬಿಸಿ ಒಲೆ ಮುಟ್ಟಿದವನಂತೆ ಹಿಂದೆ ಹಾರಿದ. ಶ್ರೇಡರ್ ಇತ್ತ ಕಡೆಯಿಂದ, "ಮಂಡಿ ಊರೋ! ಗ್ಯಾರೆಟ್! ಊರೋ!" ಎಂದು ಕೂಗುತ್ತ ಗೆರೆಯ ಉದ್ದಕ್ಕೂ ಓಡುತ್ತಿದ್ದ.

ಅವನು ಓಡುವವನಲ್ಲ. ಮುನ್ನೂರು ಪೌಂಡಿನ ದೇಹ, ಎರಡು ತಿಂಗಳು ನಿಂತು ನಿಂತು ಜಡ್ಡು ಹಿಡಿದದ್ದು. ಅರ್ಧ ಮೈದಾನ ಬರುವಷ್ಟರಲ್ಲಿ ಬಾಯಿ ತೆರೆದಿತ್ತು, ಹೆಜ್ಜೆ ಭಾರವಾಗಿತ್ತು. ಯಾವ ಹುಡುಗನಾದರೂ ನಡೆದುಕೊಂಡು ಹೋಗಿಯೇ ಹಿಡಿಯಬಹುದಿತ್ತು. ಆಗ ಅವನು ದಾರಿ ಬದಲಿಸಿದ. ಎದುರಿಗೆ ಖಾಲಿ ಹುಲ್ಲಿತ್ತು. ಅದನ್ನು ಬಿಟ್ಟು ಎಡಕ್ಕೆ ತಿರುಗಿ, ಮರ್ಡಾಕಿನ ಐವತ್ತೊಂದನೆಯ ನಂಬರಿನವನು ನಿಂತಿದ್ದ ಕಡೆ ನೇರವಾಗಿ ಹೋದ. ಐವತ್ತೊಂದು ಅವರ ತಂಡದಲ್ಲೇ ದೊಡ್ಡ ಹುಡುಗ, ಆ ವರ್ಷ ರೇಡಿಯೊದಲ್ಲಿ ನಾನು ಎರಡನೆಯ ಹೆಸರಾಗಿ ಕೇಳಿದವರಲ್ಲೆಲ್ಲ ಹೆಚ್ಚು ಸಲ ಕೇಳಿದ ಹೆಸರು, ಕಾರ್ವರ್ ಡೆನ್ಬಿ.

ಅವನೇನು ಮಾಡುತ್ತಿದ್ದಾನೆಂದು ಆ ಮೈದಾನದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕೆಳಗೆ ಶೆರಿಲ್‌ಗೂ ಗೊತ್ತಾಯಿತೆಂದು ಕಾಣುತ್ತದೆ, ಏಕೆಂದರೆ ಕೂತಿದ್ದವಳು ಎದ್ದು, ಬಾಯಿಗೆ ಕೈ ಹಿಡಿಯದೆ, ಮುಚ್ಚುಮರೆಯಿಲ್ಲದೆ, "ಬೇಡಾ! ಬೇಡಪ್ಪಾ!" ಎಂದು ಕಿರುಚಿದಳು. ಮಗನಿಗೆ ಕಿರುಚಿದಳೋ ಐವತ್ತೊಂದಕ್ಕೋ ಗೊತ್ತಿಲ್ಲ.

ಡೆನ್ಬಿ ಕೈಯೆರಡನ್ನೂ ಮೇಲೆತ್ತಿದ. ಪಕ್ಕಕ್ಕೆ ಸರಿದ. ಗ್ಯಾರೆಟ್ ಅವನ ಪಕ್ಕದಲ್ಲೇ ಹಾದುಹೋದ. ನಡುವೆ ಒಂದು ಮೊಳ ಜಾಗವಿತ್ತು. ಆಮೇಲೆ ಎದುರಿಗೆ ಯಾರೂ ಇರಲಿಲ್ಲ. ಅವನು ಓಡುವುದನ್ನು ನಿಲ್ಲಿಸಿ ಅರ್ಧ ನಡೆದು, ಅರ್ಧ ತೇಕುತ್ತ, ಕೊನೆಯ ಗೆರೆ ದಾಟಿ ನಿಂತ.

ತೀರ್ಪುಗಾರರು ಒಟ್ಟುಗೂಡಿ ತಲೆ ಕೆರೆದುಕೊಂಡರು. ಮಂಡಿ ಊರಿಲ್ಲ, ಯಾರೂ ಕೆಡವಿಲ್ಲ, ಸೀಟಿ ಊದಿಲ್ಲ. ಕೊನೆಗೆ ಎರಡೂ ಕೈ ಮೇಲೆತ್ತಿ ಟಚ್‌ಡೌನ್ ಎಂದರು. ಜನ ಹುಚ್ಚೆದ್ದು ಕೂಗಿದರು. ಓರ್ಲಿನ್ ಆರು, ಮರ್ಡಾಕ್ ಸೊನ್ನೆ. ಇಡೀ ಸೀಸನ್ನಿನಲ್ಲಿ ನಾವು ಮುಂದಿದ್ದದ್ದು ಆಗ ಮಾತ್ರ. ಅಳುತ್ತಿದ್ದವರು, ಕುಣಿಯುತ್ತಿದ್ದವರು, ಅಧ್ಯಕ್ಷರು ಯಾರನ್ನೋ ಅಪ್ಪಿಕೊಂಡಿದ್ದರು. ಎಂಥ ಚಂದದ ದೃಶ್ಯ ನೋಡಿದೆವು ಎಂದು ಊರು ಈಗಲೂ ಹೇಳಿಕೊಳ್ಳುತ್ತದೆ.

ಗ್ಯಾರೆಟ್ ಕುಣಿಯಲಿಲ್ಲ. ಹೆಲ್ಮೆಟ್ ತೆಗೆದು, ಆ ತುದಿಯಿಂದ ನಮ್ಮ ಗೂಡಿನ ಕಡೆ ಮುಖ ಎತ್ತಿ ನಿಂತಿದ್ದ.

ಗುಂಡಿ ಒತ್ತಿದೆ. "ಚೆಂಡು ಒಯ್ದವನು, ಅರವತ್ತನಾಲ್ಕು, ಗ್ಯಾರೆಟ್ ಕೂಬಿಕ್."

ಕೂಗು ಇನ್ನೂ ಹೆಚ್ಚಾಯಿತು. ಅವನು ಅಲ್ಲೇ ನಿಂತಿದ್ದ, ಮುಖ ಇಳಿಸಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಮೂವತ್ತು ವರ್ಷದ ಅಭ್ಯಾಸ, ನಾಲಿಗೆ ಎರಡನೆಯ ಹೆಸರಿಗೆ ತಡಕಾಡುತ್ತಿತ್ತು. ಅರ್ಲೀನ್ ದುರ್ಬೀನು ಮಡಿಲಿಗೆ ಇಳಿಸಿದಳು.

"ನನ್ನ ಯಾಕೆ ನೋಡ್ತೀಯ? ಯಾರ ನಂಬರ್ ಹೇಳ್ಲಿ ನಾನು? ಯಾರೂ ಮುಟ್ಟಲಿಲ್ಲವಲ್ಲೋ."

ಗುಂಡಿ ಬಿಟ್ಟೆ. ದೇವರಾಣೆಗೂ ಹೇಳುತ್ತೇನೆ, ಆ ಹೆಸರು ಇಲ್ಲದ್ದಕ್ಕೆ ನನಗೆ ನೆಮ್ಮದಿಯಾಗಿತ್ತು. ಇದ್ದಿದ್ದರೆ ಮುಂದೆ ಯಾವಾಗಲೋ ನನ್ನ ಅಂಗಡಿಯಲ್ಲೂ ಒಂದು ಹೆಸರು ಹೇಳಬೇಕಾಗುತ್ತಿತ್ತು. ಅತ್ತ ತುದಿಯಲ್ಲಿ ಅವನು ಕಾದ, ಕಾದ, ಆಮೇಲೆ ತಲೆ ತಗ್ಗಿಸಿದ. ತಂಡದ ಹುಡುಗರು ಅವನತ್ತ ಓಡಿ ಹೋದರು. ಹತ್ತಿರ ಹೋದಂತೆ ಒಬ್ಬೊಬ್ಬರೂ ನಿಧಾನವಾದರು. ಸುತ್ತ ನಿಂತು ಅವನ ಮೊಣಕೈ ಮುಟ್ಟಿದರು, ತೋಳು ಸವರಿದರು. ಶೆರಿಲ್ ಬೇಲಿಯ ಸಂದಿನಿಂದ ನುಸುಳಿ ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಹೊಡೆಯಲಿಲ್ಲ.

ಆಮೇಲಿನದು ಹೇಳುವಂಥದ್ದೇನಿಲ್ಲ. ಮಾತಿನ ಪ್ರಕಾರ ಮರ್ಡಾಕಿಗೂ ಒಂದು ಟಚ್‌ಡೌನ್ ಬಿಟ್ಟುಕೊಟ್ಟೆವು, ಮಿಕ್ಕದ್ದನ್ನು ಅವರು ನಮ್ಮ ಒಪ್ಪಿಗೆ ಕೇಳದೆ ತೆಗೆದುಕೊಂಡರು. ಐವತ್ತರ ಮೇಲೆ ಹೋಯಿತು. ಡೆನ್ಬಿಯ ಹೆಸರನ್ನು ನಾನು ಬಾಯಿ ನೋಯುವಷ್ಟು ಸಲ ಹೇಳಿದೆ. ನಮ್ಮ ಹುಡುಗರನ್ನು ಅವನು ಕಟ್ಟಿಗೆಯ ಹಾಗೆ ಮುರಿದು ಹಾಕುತ್ತಿದ್ದ, ಪ್ರತಿಯೊಬ್ಬರೂ ಎದ್ದು ಅವನ ಹೆಲ್ಮೆಟ್ಟಿಗೆ ಒಂದು ಗುದ್ದಿ ವಾಪಸು ಹೋಗುತ್ತಿದ್ದರು. ಗ್ಯಾರೆಟ್ ಗೆರೆಯಾಚೆ ನಿಂತು ನೋಡುತ್ತಿದ್ದ.

ಪಂದ್ಯ ಮುಗಿದು ಜನ ಕರಗಿದ ಮೇಲೆ ನಾನು ತಂತಿ ಸುತ್ತುತ್ತಿದ್ದೆ. ಅರ್ಲೀನ್ ಫ್ಲಾಸ್ಕಿನ ತಳದ ಕಾಫಿಯನ್ನು ಎರಡು ಲೋಟಕ್ಕೆ ಹಂಚುತ್ತಿದ್ದಳು. ಗೂಡಿನ ಮೆಟ್ಟಿಲು ಕಿರುಗುಟ್ಟಿತು. ಅದು ಕಡಿದಾದ ಮರದ ಮೆಟ್ಟಿಲು, ಹತ್ತುವವರು ಕಡಿಮೆ. ಗ್ಯಾರೆಟ್ ತಲೆ ಬಗ್ಗಿಸಿ ಒಳಗೆ ಬಂದ. ಇನ್ನೂ ಅರವತ್ತನಾಲ್ಕರ ಅಂಗಿಯಲ್ಲೇ ಇದ್ದ. ಅಂಗಿಗೆ ಒಂದು ಹುಲ್ಲಿನ ಕಲೆಯೂ ಇರಲಿಲ್ಲ.

"ಕೂತ್ಕೋ, ಪೆದ್ದು ಮುಂಡೇದೆ," ಎಂದಳು ಅರ್ಲೀನ್. ತನ್ನ ಕಾಫಿಯನ್ನು ಅವನಿಗೆ ಕೊಟ್ಟಳು.

"ಹೇಳಿದ ಹಾಗೇ ಹೇಳಿದ್ರಿ ಸರ್. ಥ್ಯಾಂಕ್ಸ್."

"ನೀನು ಹೇಳಿದ ಹಾಗೆ ಮಾಡ್ಲಿಲ್ಲ," ಎಂದೆ. ಸಿಟ್ಟು ಆಗ ಬಂತು, ತಡವಾಗಿ. "ಆ ಹುಡುಗ ಡಿಕ್ಕಿ ಹೊಡೆದಿದ್ರೆ? ನಿನ್ನ ಅಮ್ಮ ನಿನಗೆ ಚಮಚದಲ್ಲಿ ತಿನ್ನಿಸ್ತಾ ಕೂರ್ತಿದ್ಲು. ಅವನು ಜನ್ಮವಿಡೀ ಅದನ್ನ ಹೊತ್ಕೊಂಡು ಓಡಾಡ್ತಿದ್ದ. ಅದನ್ನಾದ್ರೂ ಯೋಚ್ನೆ ಮಾಡಿದ್ಯಾ?"

"ಇಲ್ಲ ಸರ್. ಮಂಡಿ ಊರ್ಬೇಕು ಅಂತಲೇ ಇದ್ದೆ. ಬಗ್ಗಿದೆ. ಎಲ್ರೂ ನಿಂತ್ಕೊಂಡು ನೋಡ್ತಿದ್ರು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ನಿಮ್ಮ ಅಂಗಡೀಲಿ ಪೆಟ್ಟಿಗೆ ಸುತ್ತ ನಿಲ್ತಾರಲ್ಲ, ಹಾಗೆ."

ಕೆಳಗೆ ಯಾರೋ ಕುರ್ಚಿಗಳನ್ನು ಮಡಚಿ ಗಾಡಿಗೆ ಎಸೆಯುತ್ತಿದ್ದರು.

"ಐವತ್ತೊಂದು ಏನೋ ಅಂದ, ಕೇಳಿಸ್ತಾ ನಿಮ್ಗೆ?" ಎಂದು ಕೇಳಿದ.

"ಇಷ್ಟು ದೂರಕ್ಕೆ ಹೇಗೆ ಕೇಳ್ಸುತ್ತೆ?"

"ಸಾರಿ ಗುರೂ, ಅಂದ. ಕೈ ಮೇಲೆತ್ಕೊಂಡು ಪಕ್ಕಕ್ಕೆ ಹೋಗ್ತಾ." ಗ್ಯಾರೆಟ್ ನಗಲು ನೋಡಿದ, ಆಗಲಿಲ್ಲ. "ನಾಲ್ಕು ವರ್ಷ ಸರ್. ಬೆರಳು ಮುರಿದಿದಾರೆ, ಹಲ್ಲು ಉದುರ್ಸಿದಾರೆ, ಅಮ್ಮನ ಬಗ್ಗೆ ಬಾಯಿಗೆ ಬಂದದ್ದು ಅಂದಿದಾರೆ. ಸಾರಿ ಅಂತ ಯಾರೂ ಅಂದಿರ್ಲಿಲ್ಲ."

ಅತ್ತ. ದೊಡ್ಡ ಭುಜ ಅಲುಗಿಸಿಕೊಂಡು, ಲೋಟ ಚೆಲ್ಲದ ಹಾಗೆ ಹಿಡಿದುಕೊಂಡೇ ಅತ್ತ. ಅಳುವವರಿಗೆ ಏನು ಹೇಳಬೇಕೆಂದು ನನಗೆ ಗೊತ್ತಿದೆ, ಅದರಿಂದಲೇ ಹೊಟ್ಟೆ ಹೊರೆದಿದ್ದೇನೆ. ಜೀವ ಉಳಿಯಿತಲ್ಲೋ ಎನ್ನಬಹುದಿತ್ತು. ಅದು ಅವನಿಗೂ ಗೊತ್ತಿತ್ತು.

ಕೆಳಗಿನಿಂದ ಶೆರಿಲ್ ಕೂಗಿದಳು. "ಗ್ಯಾರೆಟ್! ಮೇಲಿದೀಯೇನಪ್ಪಾ? ಮೆಟ್ಲು ನೋಡ್ಕೊಂಡು ಇಳಿ. ಕಂಬಿ ಹಿಡ್ಕೋ."

"ಬಂದೆ ಅಮ್ಮಾ," ಎಂದು ಮುಖ ಒರೆಸಿಕೊಂಡು ಎದ್ದ. ಅರ್ಲೀನ್ ದಾರಿ ಬಿಡಲು ಕುರ್ಚಿ ಸಮೇತ ಗೋಡೆಗೆ ಸರಿದಳು. ಬಾಗಿಲ ಹತ್ತಿರ ಅವನು ಮೆಟ್ಟಿಲಿನ ಕಡಿದಾದ ಇಳಿಜಾರು ನೋಡಿ ಒಂದು ಕ್ಷಣ ನಿಂತ. ಆಗ ನನ್ನ ಕೈ ತಾನಾಗಿ ಹೋಗಿ ಅವನ ಮೊಣಕೈ ಹಿಡಿಯಿತು, ಮಣ್ಣಿಗೆ ಬಂದ ಮುದುಕರನ್ನು ಹಿಡಿದು ಹಿಡಿದು ಅಭ್ಯಾಸವಾದ ಕೈ. ಗ್ಯಾರೆಟ್ ಅದನ್ನು ನೋಡಿದ. ಬೇಡ ಎನ್ನಲಿಲ್ಲ. ಇನ್ನೊಂದು ಕೈಯಲ್ಲಿ ಕಂಬಿ ಹಿಡಿದುಕೊಂಡು, ನನ್ನ ಜೊತೆ, ಒಂದೊಂದೇ ಮೆಟ್ಟಿಲು ಇಳಿದ.